ದೂರ ಒಂದೇ, ಹೋಗಲು ಎಂಟು ಗಂಟೆ, ಬರಲು ಏಳು: ಈ ಲೆಕ್ಕ ಹೇಗೆ?

ಪ್ರಶ್ನೆ: ಲಂಡನ್‌ನಿಂದ ನ್ಯೂಯಾರ್ಕ್‌ಗೆ ದೂರ ಎಷ್ಟು ಎಂದು ಹುಡುಕಿದರೆ ಒಂದು ಕಡೆ 5,540 ಕಿ.ಮೀ. ಅಂತಿದೆ, ಇನ್ನೊಂದು ಕಡೆ 5,555. ಮತ್ತೊಂದರಲ್ಲಿ 3,451 ಮೈಲಿ, ಮಗದೊಂದರಲ್ಲಿ 2,999 ಎಂಬ ಅಂಕಿ ಮಾತ್ರ. ವಿಮಾನ ಗಂಟೆಗೆ 900 ಕಿ.ಮೀ. ಹಾರುತ್ತದೆ ಅಂದರೆ ಆರು ಗಂಟೆ ಹತ್ತು ನಿಮಿಷ ಸಾಕಲ್ಲವೇ? ಟಿಕೆಟ್‌ನಲ್ಲಿ ಹೋಗುವುದಕ್ಕೆ ಸುಮಾರು 8 ಗಂಟೆ, ಬರುವುದಕ್ಕೆ ಸುಮಾರು 7 ಗಂಟೆ ಎಂದಿದೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಯಾವುದಾದರೂ ಎರಡು ಊರಿಗೆ ಈ ಲೆಕ್ಕವನ್ನು ನಾವೇ ಹಾಕಿಕೊಳ್ಳುವುದು ಹೇಗೆ?

ಉತ್ತರ: ನೀವು ಕೊಟ್ಟ ದೂರದ ನಾಲ್ಕು ಅಂಕಿಗಳೂ ಸರಿಯೇ. ಸಮಯದ ಮೂರು ಅಂಕಿಗಳಲ್ಲಿ ಆರು ಗಂಟೆ ಹತ್ತು ನಿಮಿಷ ಎಂಬುದೊಂದು ಮಾತ್ರ ಯಾವ ಟಿಕೆಟ್‌ಗೂ ಹೊಂದುವುದಿಲ್ಲ. ದೂರ ಭೂಮಿಗೆ ಸೇರಿದ್ದು, ಅದು ಬದಲಾಗುವುದಿಲ್ಲ. ಸಮಯ ಹಾಗಲ್ಲ. ಗಾಳಿ, ದಾರಿ, ರನ್‌ವೇಯ ಸಾಲು, ಕಂಪನಿಯ ವೇಳಾಪಟ್ಟಿ ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಒಂದನ್ನು ಇನ್ನೊಂದರಿಂದ ಒಂದೇ ಭಾಗಾಕಾರದಲ್ಲಿ ತೆಗೆಯಲು ಹೋದಾಗಲೇ ಎಡವಟ್ಟಾಗುವುದು.

ಮೊದಲು ದೂರ. 2,999 ಎಂದಿರುವುದು ನಾಟಿಕಲ್ ಮೈಲಿ. ವಿಮಾನ ಮತ್ತು ಹಡಗಿನವರು ಬಳಸುವ ಈ ಮೈಲಿಗೆ 1,852 ಮೀಟರ್. ರಸ್ತೆಯ ಮೈಲಿಗೆ 1,609 ಮೀಟರ್ ಮತ್ತು ಸ್ವಲ್ಪ. 5,555 ಕಿ.ಮೀ.ಯನ್ನು ಮೊದಲನೆಯದರಿಂದ ಭಾಗಿಸಿದರೆ 2,999, ಎರಡನೆಯದರಿಂದ ಭಾಗಿಸಿದರೆ 3,451 ಮತ್ತು ಸ್ವಲ್ಪ. ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರಿಲ್ಲದ ಪುಟವನ್ನು ನಂಬಬೇಡಿ. ‘ಮೈಲಿ’ ಎಂದಷ್ಟೇ ಇದ್ದರೂ ಯಾವ ಮೈಲಿ ಎಂದು ಖಚಿತ ಮಾಡಿಕೊಳ್ಳಿ, ಎರಡರ ನಡುವೆ ಶೇ. 15ರಷ್ಟು ವ್ಯತ್ಯಾಸವಿದೆ.

ಇನ್ನು 5,540 ಮತ್ತು 5,555. ಭೂಮಿ ಚೆಂಡಿನಂತೆ ಪೂರ್ತಿ ಗುಂಡಗಿದೆ, ಅದರ ತ್ರಿಜ್ಯ 6,371 ಕಿ.ಮೀ. ಎಂದುಕೊಂಡು ಲೆಕ್ಕ ಹಾಕಿದರೆ ಬರುವುದು 5,540. ನಿಜದಲ್ಲಿ ಭೂಮಿ ಧ್ರುವಗಳ ಹತ್ತಿರ ಕೊಂಚ ಚಪ್ಪಟೆ. ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357. ಈ ಚಪ್ಪಟೆತನವನ್ನೂ ಹಿಡಿದು ಲೆಕ್ಕ ಹಾಕಿದರೆ 5,555. ಚೆಂಡಿನ ಲೆಕ್ಕದಲ್ಲಿ ತಪ್ಪು ಹೆಚ್ಚೆಂದರೆ ಅರ್ಧ ಶೇಕಡಾ ಆಸುಪಾಸು. ವಿಮಾನದ ಸಮಯಕ್ಕೆ ಬಂದರೆ 15 ಕಿ.ಮೀ. ಅಂದರೆ ಒಂದು ನಿಮಿಷ, ತಲೆ ಕೆಡಿಸಿಕೊಳ್ಳುವಂಥದ್ದೇನಲ್ಲ. ವಿಮಾನ 11 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದಾರಿ ಉದ್ದವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ, ಈ ಪ್ರಯಾಣದಲ್ಲಿ ಸುಮಾರು 10 ಕಿ.ಮೀ. ಅದನ್ನೂ ಬಿಟ್ಟುಬಿಡಿ.

ಇವೆಲ್ಲ ಮಹಾವೃತ್ತದ ದೂರಗಳು. ಗ್ಲೋಬಿನ ಮೇಲೆ ಎರಡು ಊರಿಗೆ ಗುಂಡುಸೂಜಿ ಚುಚ್ಚಿ, ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ದಾರ ಯಾವ ದಾರಿ ಹಿಡಿಯುತ್ತದೋ ಅದೇ ಮಹಾವೃತ್ತ. ಗೋಡೆಗೆ ನೇತುಹಾಕಿದ ಚಪ್ಪಟೆ ನಕ್ಷೆಯಲ್ಲಿ ಇದೇ ದಾರಿ ಉತ್ತರಕ್ಕೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಹಾಗಾಗಿಯೇ ‘ವಿಮಾನ ಯಾಕೆ ಸುತ್ತಿಕೊಂಡು ಹೋಗುತ್ತದೆ’ ಎಂಬ ಅನುಮಾನ. ಬಾಗಿ ಕಾಣುವುದೇ ನೇರ, ನೇರ ಕಾಣುವುದೇ ಸುತ್ತು. ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 40.5 ಡಿಗ್ರಿ ಉತ್ತರದ ಆಸುಪಾಸು. ಅಲ್ಲಿಂದ ಪಶ್ಚಿಮಕ್ಕೆ ಮೂತಿ ತಿರುಗಿಸಿ ಅದೇ ಅಕ್ಷಾಂಶ ಹಿಡಿದು ಹೋದರೆ ಸುಮಾರು 5,940 ಕಿ.ಮೀ. ಆಗುತ್ತದೆ. ಮಹಾವೃತ್ತದಲ್ಲಿ 5,770 ಸಾಕು. ಆದರೆ ಆ ದಾರಿ ನಡುಗಡಲಲ್ಲಿ 46 ಡಿಗ್ರಿ ಉತ್ತರದವರೆಗೆ ಏರಿ ಇಳಿಯುತ್ತದೆ. ಉತ್ತರಕ್ಕೆ ಹೋಗಿದ್ದರಿಂದಲೇ 170 ಕಿ.ಮೀ. ಉಳಿತಾಯ.

ಲೆಕ್ಕ ಹಾಕುವ ವಿಧಾನ ಹೀಗೆ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶ ಬೇಕು. ಲಂಡನ್‌ನ ಹೀಥ್ರೂ 51.47 ಉತ್ತರ, 0.46 ಪಶ್ಚಿಮ. ನ್ಯೂಯಾರ್ಕ್‌ನ ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ಅಕ್ಷಾಂಶಗಳ ವ್ಯತ್ಯಾಸ 10.83, ಅದರ ಅರ್ಧ 5.415 ಡಿಗ್ರಿ. ಅದರ ಸೈನ್ 0.0944, ವರ್ಗ 0.0089. ರೇಖಾಂಶಗಳ ವ್ಯತ್ಯಾಸ 73.32, ಅರ್ಧ 36.66 ಡಿಗ್ರಿ. ಅದರ ಸೈನ್ 0.5971, ವರ್ಗ 0.3565. ಇದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಬೇಕು. ಆ ಎರಡರ ಗುಣಲಬ್ಧ 0.4727, ಹಾಗಾಗಿ ಬರುವುದು 0.1685. ಮೊದಲಿನ 0.0089 ಕೂಡಿದರೆ 0.1774. ವರ್ಗಮೂಲ 0.4212. ಯಾವ ಕೋನದ ಸೈನ್ 0.4212? 24.91 ಡಿಗ್ರಿಯದ್ದು. ಎರಡರಿಂದ ಗುಣಿಸಿದರೆ 49.82 ಡಿಗ್ರಿ. ಮಹಾವೃತ್ತದ ಮೇಲೆ ಒಂದು ಡಿಗ್ರಿಗೆ 111.195 ಕಿ.ಮೀ., ಅಂದರೆ 5,540 ಕಿ.ಮೀ. ಇದೇ ಹ್ಯಾವರ್‌ಸೈನ್ ಸೂತ್ರ. ಮಾಮೂಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಐದು ನಿಮಿಷದ ಕೆಲಸ.

ಇದರಲ್ಲಿ ತಪ್ಪುವ ಜಾಗಗಳು ಹೆಚ್ಚೂಕಡಿಮೆ ಗೊತ್ತಿರುವಂಥವೇ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ಗಳು ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ ಕೇಳುತ್ತವೆ. ಡಿಗ್ರಿಯನ್ನೇ ಹಾಕಿದರೆ ತಕರಾರಿಲ್ಲದೆ ಒಂದು ಉತ್ತರ ಕೊಡುತ್ತವೆ, ಅದು ಶುದ್ಧ ಸುಳ್ಳು. ಎರಡನೆಯದು ಡಿಗ್ರಿ ಮತ್ತು ಮಿನಿಟಿನ ಗೊಂದಲ. ಹೀಥ್ರೂ ಅಕ್ಷಾಂಶವನ್ನು 51°28′ ಎಂದೂ ಬರೆಯುತ್ತಾರೆ. 28 ಮಿನಿಟು ಅಂದರೆ 60ರಲ್ಲಿ 28 ಭಾಗ, 0.47 ಡಿಗ್ರಿ. ಅದನ್ನು 51.28 ಎಂದು ಬರೆದುಕೊಂಡರೆ ವಿಮಾನ ನಿಲ್ದಾಣ 21 ಕಿ.ಮೀ. ದಕ್ಷಿಣಕ್ಕೆ ಜರುಗಿತು. ಮೂರನೆಯದು ಪೂರ್ವ ಪಶ್ಚಿಮದ ಗುರುತು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಲೇಬೇಕು. ಟೋಕಿಯೊ 140 ಪೂರ್ವ, ಲಾಸ್ ಏಂಜಲೀಸ್ 118 ಪಶ್ಚಿಮ. ಮೈನಸ್ ಮರೆತರೆ ನಡುವೆ 22 ಡಿಗ್ರಿ ಮಾತ್ರ ಎಂದಾಗಿ 2,000 ಕಿ.ಮೀ. ಎಂಬ ಉತ್ತರ ಬರುತ್ತದೆ. ನಿಜವಾದ ದೂರ ಸುಮಾರು 8,750. ಮೈನಸ್ ಹಾಕಿದಾಗ ವ್ಯತ್ಯಾಸ 258 ಡಿಗ್ರಿ ಎಂದು ಬಂದರೆ ಗಾಬರಿ ಬೇಡ, ಸೂತ್ರ ತಾನಾಗಿ ಹತ್ತಿರದ ಬದಿಯನ್ನೇ ಹಿಡಿಯುತ್ತದೆ.

ಊರಿನ ಹೆಸರು ಕೊಟ್ಟರೆ ದೂರ ಹೇಳುವ ಜಾಲತಾಣಗಳು ಹಲವು ಸಲ ಊರಿನ ನಡುಮಧ್ಯದಿಂದ ಅಳೆಯುತ್ತವೆ. ವಿಮಾನ ಏರುವುದು ಅಲ್ಲಿಂದಲ್ಲ. ಟೋಕಿಯೊದ ನರಿತಾ ನಿಲ್ದಾಣ ಊರಿನ ನಡುವಿನಿಂದ 60 ಕಿ.ಮೀ. ಆಚೆ, ಹನೇಡಾ ಊರಿಗೆ ಅಂಟಿಕೊಂಡಂತೆಯೇ ಇದೆ. ಲಂಡನ್‌ಗೆ ಹೀಥ್ರೂ ಅಲ್ಲದೆ ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್ ಎಲ್ಲ ಇವೆ. ಗಾಳಿಯಲ್ಲಿ ಇದು ನಾಲ್ಕು ನಿಮಿಷದ ಮಾತಾದರೂ ನೆಲದ ಮೇಲೆ ಒಂದು ಗಂಟೆಯ ಮಾತು. ದೂರ ಕೇಳುವಾಗ ಊರಿನ ಹೆಸರಲ್ಲ, ನಿಲ್ದಾಣದ ಮೂರಕ್ಷರದ ಸಂಕೇತವನ್ನೇ ಕೊಡುವುದು ಒಳ್ಳೆಯದು.

ದೂರದ ಮಾತು ಇಷ್ಟಕ್ಕೆ ಮುಗಿಯಿತು. ಸಮಯದ್ದು ಇಷ್ಟು ಸುಲಭವಿಲ್ಲ.

ಟಿಕೆಟ್‌ನಲ್ಲಿ ಬರೆದ ಸಮಯ ಹಾರಾಟದ್ದಲ್ಲ. ಅದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ವಿಮಾನ ಜರುಗದಂತೆ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟಿರುತ್ತಾರೆ, ಅದೇ ಚಾಕ್. ಅದನ್ನು ತೆಗೆದು ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ, ಇನ್ನೊಂದು ತುದಿಯಲ್ಲಿ ಗೇಟಿಗೆ ಬಂದು ನಿಂತು ಮತ್ತೆ ಚಾಕ್ ಕೊಡುವವರೆಗಿನ ಸಮಯ ಅದು. ಅದರೊಳಗೆ ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ಏರುವುದು, ಹಾರುವುದು, ಇಳಿಯುವುದು, ಮತ್ತೆ ಗೇಟಿನವರೆಗೆ ಉರುಳುವುದು ಎಲ್ಲ ಸೇರಿದೆ. ಒಂದೊಂದನ್ನೇ ಬಿಡಿಸಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಕೂಡಿಸಿ ನೋಡೋಣ.

ಹೀಥ್ರೂನಂಥ ಬಿಡುವಿಲ್ಲದ ನಿಲ್ದಾಣದಲ್ಲಿ ಗೇಟಿನಿಂದ ರನ್‌ವೇಗೆ 20 ನಿಮಿಷ ಇಟ್ಟುಕೊಳ್ಳಿ. ಚಿಕ್ಕ ನಿಲ್ದಾಣಗಳಲ್ಲಿ 8–10 ನಿಮಿಷ ಧಾರಾಳವಾಯಿತು. ಆದರೆ ನಿಲ್ದಾಣದ ಗಾತ್ರ ನೋಡಿ ಅಂದಾಜು ಮಾಡುವುದೂ ಕೈಕೊಡಬಹುದು. ಆಮ್‌ಸ್ಟರ್‌ಡ್ಯಾಮ್‌ನ ಸ್ಖಿಪೋಲ್‌ನಲ್ಲಿ ಪೋಲ್ಡರ್‌ಬಾನ್ ಎಂಬ ರನ್‌ವೇ ಟರ್ಮಿನಲ್‌ನಿಂದ ಎಷ್ಟು ದೂರವಿದೆಯೆಂದರೆ, ಅಲ್ಲಿ ಇಳಿದ ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟಿ ಗೇಟು ಮುಟ್ಟಲು 15–20 ನಿಮಿಷ ಹಿಡಿಯಬಹುದು. ಅದೇ ನಿಲ್ದಾಣದ ಬೇರೆ ರನ್‌ವೇ ಸಿಕ್ಕರೆ ಐದೇ ನಿಮಿಷ. ಯಾವ ರನ್‌ವೇ ಎಂಬುದು ಅವತ್ತಿನ ಗಾಳಿ ಮತ್ತು ಅಕ್ಕಪಕ್ಕದ ಬಡಾವಣೆಗಳಿಗೆ ಶಬ್ದ ತಟ್ಟದಿರಲು ಮಾಡಿದ ನಿಯಮಗಳಿಂದ ನಿರ್ಧಾರವಾಗುತ್ತದೆ, ನಿಮ್ಮ ಟಿಕೆಟ್‌ನಿಂದಲ್ಲ.

ನೆಲ ಬಿಟ್ಟ ಮೇಲೆ 35,000 ಅಡಿ ಏರಲು ಸುಮಾರು 25 ನಿಮಿಷ, ಅಷ್ಟರಲ್ಲಿ ಸಾಗುವುದು 250 ಕಿ.ಮೀ. ಮಾತ್ರ. ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರಬಾರದೆಂಬ ಮಿತಿಯಿದೆ. ಇಳಿಯುವಾಗಲೂ ಅದೇ ಕಥೆ. ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ಬಾಯಿಲೆಕ್ಕ. 36,000 ಅಡಿಗೆ 108 ಮೈಲಿ, ಅಂದರೆ 200 ಕಿ.ಮೀ. ವೇಗ ತಗ್ಗಿಸಲು ಮತ್ತು ರನ್‌ವೇಗೆ ನೇರವಾಗಲು ಇನ್ನೊಂದಿಷ್ಟು. ಹೀಗೆ ಕೊನೆಯ 250 ಕಿ.ಮೀ.ಗೆ ಅರ್ಧ ಗಂಟೆ. ‘ಗಂಟೆಗೆ 900’ ಎಂಬ ವೇಗ ಇರುವುದು ಇವೆರಡರ ನಡುವೆ ಮಾತ್ರ.

ಆ 900 ಕೂಡ ಎಲ್ಲಿಂದ ಬಂತು ನೋಡಿ. ಜೆಟ್ ವಿಮಾನಗಳು ಮೇಲೆ ಹಾರುವಾಗ ವೇಗವನ್ನು ಶಬ್ದದ ವೇಗಕ್ಕೆ ಹೋಲಿಸಿ ಇಟ್ಟುಕೊಳ್ಳುತ್ತವೆ, ಅದೇ ಮ್ಯಾಕ್. 36,000 ಅಡಿಯಲ್ಲಿ ಪ್ರಮಾಣಿತ ಉಷ್ಣತೆ ಮೈನಸ್ 56.5 ಡಿಗ್ರಿ. ಅಷ್ಟು ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಬೋಯಿಂಗ್ 787, ಏರ್‌ಬಸ್ ಎ350ನಂಥವು ಮ್ಯಾಕ್ 0.85ರ ಆಸುಪಾಸಿನಲ್ಲಿ ಹೋಗುತ್ತವೆ, ಅಂದರೆ 900. ಬೋಯಿಂಗ್ 737, ಎ320 ಮ್ಯಾಕ್ 0.78ರ ಹತ್ತಿರ, ಅಂದರೆ 830. ಒಂದೇ ದಾರಿಯಲ್ಲಿ ದೊಡ್ಡ ವಿಮಾನ ಚಿಕ್ಕದಕ್ಕಿಂತ ಗಂಟೆಗೆ ನಾಲ್ಕೈದು ನಿಮಿಷ ಮುಂದೆ ಹೋಗುವುದು ಇದರಿಂದ.

ಆದರೆ ಈ ವೇಗ ಗಾಳಿಯ ಒಳಗಿನದು. ಗಾಳಿಯೇ ಚಲಿಸುತ್ತಿದ್ದರೆ? ಹೊಳೆಯಲ್ಲಿ ಹರಿವಿನ ಜೊತೆ ಈಜುವವನಿಗೂ ಎದುರು ಈಜುವವನಿಗೂ ಇರುವ ವ್ಯತ್ಯಾಸವೇ ಇಲ್ಲೂ. ಉತ್ತರ ಅಟ್ಲಾಂಟಿಕ್ ಮೇಲೆ 30,000–40,000 ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ನಡುಭಾಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ವಿಮಾನಗಳು ಪೂರ್ವಕ್ಕೆ ಹೋಗುವಾಗ ಅದರೊಳಗೆ ನುಗ್ಗುತ್ತವೆ, ಪಶ್ಚಿಮಕ್ಕೆ ಹೋಗುವಾಗ ತಪ್ಪಿಸಿಕೊಂಡು ಬದಿಗೆ ಸರಿಯುತ್ತವೆ. ದಾರಿಯುದ್ದಕ್ಕೂ ಸರಾಸರಿ ಹಿಡಿದರೆ ಗಂಟೆಗೆ 70 ಕಿ.ಮೀ. ಎಂದುಕೊಳ್ಳುವುದು ಒಳ್ಳೆಯ ಅಂದಾಜು.

ಈಗ ಕೂಡಿಸಿ. ಮಹಾವೃತ್ತ 5,555 ಇದ್ದರೂ ನಿಜವಾಗಿ ಹಾರುವ ದಾರಿ ಸುಮಾರು 5,700 ಎಂದಿಟ್ಟುಕೊಳ್ಳೋಣ. ಯಾಕೆಂದು ಮುಂದೆ ಹೇಳುತ್ತೇನೆ. ಏರಿಳಿತಕ್ಕೆ 500 ಕಳೆದರೆ ಮೇಲೆ ಹಾರಬೇಕಾದ್ದು 5,200. ಪಶ್ಚಿಮಕ್ಕೆ ಹೋಗುವಾಗ 900ರಲ್ಲಿ 70 ಕಳೆದು 830. ಅಲ್ಲಿಗೆ 6 ಗಂಟೆ 16 ನಿಮಿಷ. ಗೇಟಿನಿಂದ ರನ್‌ವೇಗೆ 20, ಏರಲು 25, ಇಳಿಯಲು 30, ಗೇಟಿಗೆ ಉರುಳಲು 10 ನಿಮಿಷ. ಒಟ್ಟು 7 ಗಂಟೆ 41 ನಿಮಿಷ. ಟಿಕೆಟ್‌ನಲ್ಲಿ 8 ಗಂಟೆ ಎಂದಿದ್ದರೆ ಉಳಿದ 20 ನಿಮಿಷ ಕಂಪನಿ ತಡವಾದರೆ ಇರಲಿ ಎಂದು ಕಟ್ಟಿಕೊಂಡ ಬುತ್ತಿ. ಬರುವಾಗ 900ಕ್ಕೆ 70 ಕೂಡಿ 970. ಮೇಲಿನ ಹಾರಾಟ 5 ಗಂಟೆ 22 ನಿಮಿಷಕ್ಕೆ ಇಳಿಯಿತು. ಜೆಎಫ್‌ಕೆಯಲ್ಲಿ ಸಂಜೆ ಸಾಲು ಉದ್ದ, 30 ನಿಮಿಷ ಇಡಿ. ಒಟ್ಟು 6 ಗಂಟೆ 57 ನಿಮಿಷ. ನಿಮ್ಮ ‘ಸುಮಾರು 7 ಗಂಟೆ’ ಇದೇ.

ಗಾಳಿ ಹೋಗುವಾಗ ಕಿತ್ತುಕೊಂಡದ್ದನ್ನು ಬರುವಾಗ ವಾಪಸು ಕೊಡುತ್ತದಲ್ಲ, ಲೆಕ್ಕ ಸಮನಾಯಿತು ಎಂದು ಅನಿಸಬಹುದು. ಸಮನಾಗುವುದಿಲ್ಲ. 5,600 ಕಿ.ಮೀ. ದಾರಿ, 900ರ ವೇಗ, 100ರ ಗಾಳಿ ಎಂದುಕೊಳ್ಳಿ. ಎದುರುಗಾಳಿಯಲ್ಲಿ 7 ಗಂಟೆ, ಹಿಂಗಾಳಿಯಲ್ಲಿ 5 ಗಂಟೆ 36 ನಿಮಿಷ, ಕೂಡಿದರೆ 12 ಗಂಟೆ 36 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 12 ಗಂಟೆ 27 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಆ ಒಂಬತ್ತು ನಿಮಿಷದ ನಷ್ಟ ಅಲ್ಲಿಯದು.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವವರಿಗೆ ಊರು ಎದುರಿಗೇ ಬರಬೇಕಲ್ಲವೇ ಎಂಬ ವಾದವೊಂದು ಆಗಾಗ ತಲೆಯೆತ್ತುತ್ತದೆ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನವೂ ಆ ಗಾಳಿಯಲ್ಲೇ ಇದೆ. ಓಡುವ ರೈಲಿನೊಳಗೆ ಮುಂದಕ್ಕೆ ನಡೆದರೂ ಹಿಂದಕ್ಕೆ ನಡೆದರೂ ಬೋಗಿಯ ಉದ್ದ ಒಂದೇ ತಾನೇ? ಭೂಮಿಯ ತಿರುಗಾಟ ಜೆಟ್ ಸ್ಟ್ರೀಮನ್ನು ಪೂರ್ವದ ಕಡೆಗೆ ಬಾಗಿಸುತ್ತದೆ ಎಂಬಷ್ಟರ ಮಟ್ಟಿಗೆ ಮಾತ್ರ ಅದಕ್ಕೆ ಇಲ್ಲಿ ಸಂಬಂಧ.

ಈ ಗಾಳಿ ಕೆರಳಿದಾಗ ಏನಾಗಬಹುದು ಎಂಬುದಕ್ಕೆ 2020ರ ಫೆಬ್ರವರಿ 8–9ರ ರಾತ್ರಿ ಸಾಕ್ಷಿ. ಚಂಡಮಾರುತದ ಜೊತೆ ಬಲಗೊಂಡ ಜೆಟ್ ಸ್ಟ್ರೀಮ್ ಹಿಡಿದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಹೀಥ್ರೂಗೆ 4 ಗಂಟೆ 56 ನಿಮಿಷದಲ್ಲಿ ಹಾರಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಾದರೆ ಶಬ್ದದ ವೇಗ ಮೀರಿತೇ? ಇಲ್ಲ. ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಅದು ಎಂದಿನಂತೆ ಮ್ಯಾಕ್ 0.85ರ ಹತ್ತಿರವೇ ಇತ್ತು. ನಿಜವಾಗಿ ಶಬ್ದವನ್ನು ಮೀರಿಸುತ್ತಿದ್ದ ಕಾಂಕಾರ್ಡ್ 1996ರ ಫೆಬ್ರವರಿ 7ರಂದು ಇದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು.

ತಡವಾದರೆ ಪೈಲಟ್ ಜೋರಾಗಿ ಓಡಿಸಿ ಸರಿದೂಗಿಸಬಾರದೇ? ಸ್ವಲ್ಪ ಮಾಡಬಹುದು, ತುಂಬ ಅಲ್ಲ. ಮ್ಯಾಕ್ 0.02 ಹೆಚ್ಚಿಸಿದರೆ ಗಂಟೆಗೆ 21 ಕಿ.ಮೀ. ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಆರು ಗಂಟೆಗೂ ಮಿಕ್ಕಿದ ಹಾರಾಟದಲ್ಲಿ ಉಳಿಯುವುದು ಒಂಬತ್ತು ನಿಮಿಷ. ಅದಕ್ಕೆ ಸುಡುವ ಇಂಧನ ಮಾತ್ರ ಅದಕ್ಕಿಂತ ದೊಡ್ಡ ಪಾಲಿನಲ್ಲಿ ಏರುತ್ತದೆ. ಸಮಯದ ಬೆಲೆಗೂ ಇಂಧನದ ಬೆಲೆಗೂ ಇರುವ ಅನುಪಾತವನ್ನು ಕಂಪನಿಯವರು ಕಾಸ್ಟ್ ಇಂಡೆಕ್ಸ್ ಎಂಬ ಒಂದು ಅಂಕಿಯಾಗಿಸಿ ವಿಮಾನದ ಕಂಪ್ಯೂಟರ್‌ಗೆ ಕೊಟ್ಟಿರುತ್ತಾರೆ. ವೇಗ ಬಹುಪಾಲು ಅದರ ಮೇಲೆ ನಿಂತಿದೆ.

5,555 ಇದ್ದದ್ದು 5,700 ಯಾಕಾಯಿತು ಎಂಬುದಕ್ಕೆ ಬರೋಣ. ವಿಮಾನ ಗಾಳಿಗೆ ಎದುರಾಗಿ ಹೊರಡಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಊರು ಪಶ್ಚಿಮಕ್ಕಿದ್ದರೂ ರನ್‌ವೇ ಪೂರ್ವಕ್ಕೆ ಮುಖ ಮಾಡಿದ್ದರೆ ಮೊದಲು ಪೂರ್ವಕ್ಕೇ ಹೋಗಿ ತಿರುಗಬೇಕು. ಉತ್ತರ ಅಟ್ಲಾಂಟಿಕ್‌ಗೆ ಅವತ್ತಿನ ಗಾಳಿ ನೋಡಿಕೊಂಡು ದಿನಕ್ಕೆರಡು ಸಲ ದಾರಿಗಳ ಗುಚ್ಛವನ್ನು ಪ್ರಕಟಿಸುತ್ತಾರೆ, ಪಶ್ಚಿಮಕ್ಕೆ ಹೋಗುವವರಿಗೆ ಒಂದು, ಪೂರ್ವಕ್ಕೆ ಬರುವವರಿಗೆ ಇನ್ನೊಂದು. ಗಾಳಿ ನೋಡಿ ಸುತ್ತಿಕೊಂಡು ಹೋದರೇ ಬೇಗ ಮುಟ್ಟುವ ದಿನಗಳು ಬೇಕಾದಷ್ಟಿವೆ. ಇಳಿಯುವ ಹೊತ್ತಿಗೆ ಹೀಥ್ರೂನಲ್ಲಿ ಸಾಲಿದ್ದರೆ ಬೋವಿಂಗ್‌ಡನ್, ಲ್ಯಾಂಬೋರ್ನ್, ಓಕಮ್, ಬಿಗ್ಗಿನ್ ಎಂಬ ನಾಲ್ಕು ಜಾಗಗಳಲ್ಲಿ ಒಂದರ ಮೇಲೊಂದರಂತೆ ವಿಮಾನಗಳು ಗಿರಕಿ ಹೊಡೆಯುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ, ನಾಲ್ಕು ಸುತ್ತಾದರೆ ಕಾಲು ಗಂಟೆ ಹೋಯಿತು.

ಈ ಹೆಚ್ಚುವರಿಗೆ ಸಿದ್ಧ ಅಂಕಿಗಳೂ ಇವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಇಂಗಾಲ ಲೆಕ್ಕದ ವಿಧಾನದಲ್ಲಿ ಮಹಾವೃತ್ತದ ದೂರಕ್ಕೆ 550 ಕಿ.ಮೀ. ಒಳಗಿದ್ದರೆ 50, ಅಲ್ಲಿಂದ 5,500ರವರೆಗೆ 100, ಅದಕ್ಕೂ ಮೇಲಿದ್ದರೆ 125 ಕಿ.ಮೀ. ಸೇರಿಸುತ್ತಾರೆ. ನಿಮ್ಮ ಲೆಕ್ಕಕ್ಕೂ ಅದನ್ನೇ ಹಾಕಿಕೊಳ್ಳಬಹುದು.

ಆದರೆ ಆಕಾಶ ಮುಚ್ಚಿದ್ದರೆ ಈ ಅಂಕಿಗಳು ಕೆಲಸಕ್ಕೆ ಬರುವುದಿಲ್ಲ. ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 7,800 ಕಿ.ಮೀ. ಸೈಬೀರಿಯಾದ ಮೇಲೆ ಹಾರಿ ಒಂಬತ್ತು, ಒಂಬತ್ತೂವರೆ ಗಂಟೆಯಲ್ಲಿ ಮುಟ್ಟುತ್ತಿದ್ದರು. 2022ರಲ್ಲಿ ಯುರೋಪಿನ ಕಂಪನಿಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಫಿನ್‌ಏರ್ ವಿಮಾನಗಳು ಉತ್ತರ ಧ್ರುವದ ಮೇಲಿಂದಲೋ ದಕ್ಷಿಣಕ್ಕೆ ಬಳಸಿಕೊಂಡೋ ಹೋಗಬೇಕಾಯಿತು, ಪ್ರಯಾಣ ಸುಮಾರು 13 ಗಂಟೆಗೆ ಏರಿತು. ದೂರ ಹೇಳುವ ಪುಟದಲ್ಲಿ ಇವತ್ತಿಗೂ ಅದೇ 7,800. ಪಕ್ಕದಲ್ಲಿ ‘ಹಾರಾಟ 9 ಗಂಟೆ 40 ನಿಮಿಷ’ ಎಂದು ತೋರಿಸಿದರೆ ಅದು ಭಾಗಾಕಾರದ ಉತ್ತರ, ವಿಮಾನದ್ದಲ್ಲ.

ಸಿಂಗಪುರ–ನ್ಯೂಯಾರ್ಕ್ ಇನ್ನೂ ವಿಚಿತ್ರ. ರೇಖಾಂಶಗಳ ವ್ಯತ್ಯಾಸ ಸುಮಾರು 178 ಡಿಗ್ರಿ, ಭೂಮಿಯ ಆ ಬದಿ ಒಂದು, ಈ ಬದಿ ಇನ್ನೊಂದು. ಮಹಾವೃತ್ತ ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ, ಸುಮಾರು 15,340 ಕಿ.ಮೀ. ಆದರೂ ನ್ಯೂಯಾರ್ಕ್‌ಗೆ ಹೊರಟ ವಿಮಾನ ಸಾಮಾನ್ಯವಾಗಿ ಹಿಂಗಾಳಿಗಾಗಿ ಪೆಸಿಫಿಕ್ ಸಾಗರದ ಮೇಲೆ ಸಾವಿರ ಕಿ.ಮೀ.ಗೂ ಹೆಚ್ಚು ಸುತ್ತಿ ಹೋಗುತ್ತದೆ. ನೇರ ದಾರಿಗಿಂತ ಸುತ್ತುದಾರಿಯೇ ಲಾಭ. ಇನ್ನು ಎರಡೇ ಎಂಜಿನ್ ಇರುವ ವಿಮಾನ ಸಾಗರದ ಮೇಲೆ ಹೋಗುವಾಗ, ಒಂದು ಎಂಜಿನ್ ನಿಂತರೂ ನಿಗದಿತ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಷ್ಟು ಹತ್ತಿರದಲ್ಲೇ ಇರಬೇಕೆಂಬ ನಿಯಮವಿದೆ. ದಕ್ಷಿಣ ಗೋಳಾರ್ಧದ ಖಾಲಿ ಸಾಗರಗಳಲ್ಲಿ ದಾರಿ ಬಾಗುವುದಕ್ಕೆ ಇದೂ ಕಾರಣ.

ಗಡಿಬಿಡಿಯಲ್ಲಿ ಅಂದಾಜು ಬೇಕಿದ್ದರೆ ಹೀಗೆ ಮಾಡಿ. ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ, ಅದು ಹಾರಾಟದ ಸಮಯ. ಇನ್ನೊಂದು ಅರ್ಧ ಗಂಟೆ ಕೂಡಿಸಿದರೆ ಟಿಕೆಟ್‌ನ ಸಮಯದ ಹತ್ತಿರ ಬರುತ್ತೀರಿ. ಉತ್ತರ ಗೋಳಾರ್ಧದಲ್ಲಿ ಉದ್ದದ ಪ್ರಯಾಣ ಪಶ್ಚಿಮಕ್ಕಾದರೆ ಶೇ. 8 ಹೆಚ್ಚಿಸಿ, ಪೂರ್ವಕ್ಕಾದರೆ ಅಷ್ಟೇ ಕಡಿಮೆ ಮಾಡಿ. ಉತ್ತರ–ದಕ್ಷಿಣದ ಪ್ರಯಾಣಕ್ಕೂ ಸಮಭಾಜಕದ ಹತ್ತಿರದ ಪ್ರಯಾಣಕ್ಕೂ ಈ ತಿದ್ದುಪಡಿ ಬೇಕಿಲ್ಲ. ದೂರ 400 ಕಿ.ಮೀ.ಗಿಂತ ಕಡಿಮೆಯಿದ್ದರೆ ಈ ಸೂತ್ರವನ್ನೇ ಬಿಡಿ. ಅಂಥ ಕಡೆ ವಿಮಾನ ಪೂರ್ತಿ ಎತ್ತರಕ್ಕೆ ಏರುವುದೇ ಇಲ್ಲ, ಎಷ್ಟೋ ಸಲ ಅದು ಜೆಟ್ಟೂ ಆಗಿರುವುದಿಲ್ಲ. ಸ್ಕಾಟ್ಲೆಂಡ್‌ನ ಆರ್ಕ್‌ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ 2.7 ಕಿ.ಮೀ. ದೂರದ ವಿಮಾನ ಸೇವೆಯಿದೆ, ಜಗತ್ತಿನಲ್ಲೇ ಅತಿ ಗಿಡ್ಡದ್ದು. ನಮ್ಮ ಸೂತ್ರ ಅದಕ್ಕೆ ಒಂದು ಗಂಟೆ ಎನ್ನುತ್ತದೆ, ವಿಮಾನ ಎರಡು ನಿಮಿಷದೊಳಗೆ ಇಳಿದಿರುತ್ತದೆ.

ಟಿಕೆಟ್ ನೋಡಿ ಸಮಯ ಲೆಕ್ಕ ಹಾಕುವವರು ಬೀಳುವ ಇನ್ನೊಂದು ಗುಂಡಿ ಗಡಿಯಾರ. ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ಯುಟಿಸಿಗೆ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕೆ ತಂದುಕೊಂಡೇ ಕಳೆಯಬೇಕು. ಜನವರಿಯಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟರೆ ಯುಟಿಸಿಯಲ್ಲಿ ಬೆಳಗ್ಗೆ 8. ಹತ್ತು ಗಂಟೆ ಕೂಡಿದರೆ ಸಂಜೆ 6. ಲಾಸ್ ಏಂಜಲೀಸ್ ಯುಟಿಸಿಗಿಂತ 8 ಗಂಟೆ ಹಿಂದೆ, ಅಲ್ಲಿ ಅದೇ ದಿನ ಬೆಳಗ್ಗೆ 10. ಹೊರಡುವುದಕ್ಕೆ ಏಳು ಗಂಟೆ ಮೊದಲೇ ತಲುಪಿದಂತೆ ಕಾಣುತ್ತದೆ. ಮರಳುವಾಗ ಬೆಳಗ್ಗೆ 11.30ಕ್ಕೆ ಹೊರಟು 12 ಗಂಟೆ ಹಾರಿದರೆ ಟೋಕಿಯೊದಲ್ಲಿ ಮಾರನೆಯ ದಿನ ಸಂಜೆ 4.30. ಟಿಕೆಟ್‌ನಲ್ಲಿ ಸಮಯದ ಪಕ್ಕ ಸಣ್ಣದಾಗಿ ‘+1’ ಎಂದಿರುವುದು ಇದಕ್ಕೆ. ಅದನ್ನು ಗಮನಿಸದೆ ಒಂದು ದಿನ ಮೊದಲೇ ಹೋಟೆಲ್ ಕಾದಿರಿಸಿದವರು ಕಡಿಮೆಯೇನಿಲ್ಲ.

ಲಂಡನ್–ನ್ಯೂಯಾರ್ಕ್ ನಡುವೆ ಐದು ಗಂಟೆ ವ್ಯತ್ಯಾಸ ಎಂದು ಕಣ್ಣುಮುಚ್ಚಿ ಹಾಕಿಕೊಳ್ಳುವುದೂ ಅಪಾಯ. ಅಮೆರಿಕ ಬೇಸಿಗೆಯ ಗಡಿಯಾರಕ್ಕೆ ಬದಲಾಗುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ ಬದಲಾಗುವುದು ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ವ್ಯತ್ಯಾಸ ನಾಲ್ಕೇ ಗಂಟೆ. ಬ್ರಿಟನ್ ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಹೋಗಿ, ಅಮೆರಿಕ ನವೆಂಬರ್ ಮೊದಲ ಭಾನುವಾರ ಹೋಗುವವರೆಗೆ ಇನ್ನೊಂದು ವಾರ ಹೀಗೇ. ವಿಮಾನಗಳ ಬೇಸಿಗೆ ವೇಳಾಪಟ್ಟಿ ಶುರುವಾಗುವುದೂ ಮಾರ್ಚ್ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ. ಗಾಳಿ ಬದಲಾಗುವುದರಿಂದ ಒಂದೇ ವಿಮಾನಕ್ಕೆ ಎರಡು ವೇಳಾಪಟ್ಟಿಯಲ್ಲಿ ಬೇರೆ ಬೇರೆ ಅವಧಿ ಇರಬಹುದು.

ಪದಗಳ ವಿಷಯದಲ್ಲೂ ಎಚ್ಚರ ಬೇಕು. ‘ಡೈರೆಕ್ಟ್’ ಎಂದರೆ ಎಲ್ಲೂ ನಿಲ್ಲುವುದಿಲ್ಲ ಎಂದರ್ಥವಲ್ಲ. ಒಂದೇ ಫ್ಲೈಟ್ ನಂಬರ್‌ನಲ್ಲಿ ನಡುವೆ ಇಳಿದು ಮತ್ತೆ ಏರಿದರೂ ಅದು ಡೈರೆಕ್ಟೇ. ನಿಲ್ಲದೆ ಹೋಗುವುದು ‘ನಾನ್‌ಸ್ಟಾಪ್’. ಸಮಯ ಹೋಲಿಸುವಾಗ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಿಮಗೆ ಬೇಕಿರುವುದು ನಿರ್ದಿಷ್ಟ ವಿಮಾನವೊಂದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದಾದರೆ ಸೂತ್ರಗಳಿಗಿಂತ ವಿಮಾನದ ಜಾಡು ತೋರಿಸುವ ಆ್ಯಪ್‌ಗಳು ಮೇಲು. ಅದೇ ಫ್ಲೈಟ್ ನಂಬರ್‌ನ ಕಳೆದ ಎರಡು ವಾರದ ದಾಖಲೆ ತೆರೆದು, ನೆಲ ಬಿಟ್ಟ ಸಮಯ, ನೆಲ ಮುಟ್ಟಿದ ಸಮಯ, ಗೇಟು ಮುಟ್ಟಿದ ಸಮಯ ಮೂರನ್ನೂ ಬರೆದುಕೊಳ್ಳಿ. ಸರಾಸರಿ ತೆಗೆಯುವ ಬದಲು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಅಂಕಿ ಹಿಡಿಯಿರಿ, ಒಂದು ದಿನದ ಮಂಜು ಅಥವಾ ಗುಡುಗುಮಳೆ ಲೆಕ್ಕ ಕೆಡಿಸುವುದಿಲ್ಲ. ಮುಂದಿನ ವಿಮಾನಕ್ಕೆ ಬದಲಾಗಬೇಕಿದ್ದರೆ ನಡುವಿನ ಅಂಕಿ ಸಾಲದು. ಆ ಹದಿನಾಲ್ಕು ದಿನಗಳಲ್ಲಿ ಅತಿ ತಡವಾದ ಎರಡನ್ನು ಬಿಟ್ಟು ಮೂರನೆಯದನ್ನು ನೋಡಿ, ಅಷ್ಟು ತಡವಾದರೂ ಮುಂದಿನ ವಿಮಾನ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ದಾಖಲೆ ಪ್ರಯಾಣದ ತಿಂಗಳಿಗೆ ಹತ್ತಿರದ್ದಾಗಿರಲಿ. ಜುಲೈನ ಅಂಕಿ ಇಟ್ಟುಕೊಂಡು ಜನವರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆ ಸುಲಭವಾಗಿ ತಪ್ಪಬಹುದು.

‘ತಲುಪಿತು’ ಎಂಬುದಕ್ಕೂ ಒಂದು ವ್ಯಾಖ್ಯೆ ಬೇಕಾಗುತ್ತದೆ, ಮುಖ್ಯವಾಗಿ ತಡವಾದದ್ದಕ್ಕೆ ಪರಿಹಾರ ಕೇಳುವಾಗ. ಆ್ಯಪ್‌ನಲ್ಲಿ ನೆಲ ಮುಟ್ಟಿದ ಕ್ಷಣಕ್ಕೇ ‘ಲ್ಯಾಂಡೆಡ್’ ಎಂದು ಬರುತ್ತದೆ. ಕಂಪನಿಯ ದಾಖಲೆಯಲ್ಲಿ ಗೇಟಿನಲ್ಲಿ ನಿಂತ ಕ್ಷಣ ಇರುತ್ತದೆ. ಯುರೋಪಿಯನ್ ಒಕ್ಕೂಟದ ನಿಯಮದಡಿ ಇವೆರಡೂ ಅಲ್ಲ. ಅಲ್ಲಿನ ನ್ಯಾಯಾಲಯ 2014ರಲ್ಲಿ ಹೇಳಿದಂತೆ, ವಿಮಾನದ ಒಂದಾದರೂ ಬಾಗಿಲು ತೆರೆದು ಪ್ರಯಾಣಿಕರು ಇಳಿಯಬಹುದಾದ ಹೊತ್ತೇ ತಲುಪಿದ ಹೊತ್ತು. ಪರಿಹಾರಕ್ಕೆ ಬೇಕಾದ ಮೂರು ಗಂಟೆ ತಡದ ಗಡಿಯ ಆಚೀಚೆ ಇದ್ದಾಗ ನೆಲ ಮುಟ್ಟಿದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವಿನ ಹತ್ತು ಹದಿನೈದು ನಿಮಿಷವೇ ಪರಿಹಾರ ಸಿಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸಿಬಿಡುತ್ತದೆ. ಬಾಗಿಲು ತೆರೆದ ಕೂಡಲೇ ಫೋನಿನಲ್ಲಿ ಸಮಯ ಕಾಣುವಂತೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.